ಸಿ-ಹದಿನಾಲ್ಕರಲ್ಲಿ ಕೂತವನು

ಜಯನಗರ ನಾಲ್ಕನೇ ಟಿ ಬ್ಲಾಕಿನ ಚಕ್ರಪಾಣಿಯವರಿಗೆ ತಂದೆಯಿಂದ ಬಂದ ಆಸ್ತಿ ಎರಡೇ. ಒಂದು, ಅವರು ವಾಸವಿದ್ದ ಮನೆ. ಇನ್ನೊಂದು, ಬಸವನಗುಡಿಯ ನಾದಮಂಟಪ ಎಂಬ ಹಳೆಯ ರಂಗಮಂದಿರದಲ್ಲಿ ಸಿ ಸಾಲಿನ ಹದಿನಾಲ್ಕನೇ ಕುರ್ಚಿ. ಮನೆಯ ಮಾತು ಬಂದರೆ ಸೋರುವ ಮೂಲೆ ತೋರಿಸಿ ಗೊಣಗುತ್ತಿದ್ದರು. ಕುರ್ಚಿಯ ಮಾತು ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನಾದಮಂಟಪದ ಸಂಗೀತ ಸಭೆಗೆ ಮುನ್ನೂರು ಮಂದಿ ಆಜೀವ ಸದಸ್ಯರು, ಒಬ್ಬೊಬ್ಬರಿಗೂ ಒಂದು ಕಾಯಂ ಕುರ್ಚಿ. ತಂದೆ ತೀರಿಕೊಂಡರೆ ಮಗನಿಗೆ, ಮಗ ತೀರಿಕೊಂಡರೆ ಮೊಮ್ಮಗನಿಗೆ. ಹೊರಗೆ ಕಾಯುವವರ ಪಟ್ಟಿಯಲ್ಲಿ ನಾನೂರು ಹೆಸರು. ಕಾದು ಕಾದು ಸತ್ತವರ ಮಕ್ಕಳು ಕಾಯುವ ಹಕ್ಕನ್ನೂ ಪಿತ್ರಾರ್ಜಿತವಾಗಿ ಪಡೆದು ಕಾಯುತ್ತಿದ್ದರು. ಈ ನಾಡಿನಲ್ಲಿ ರಾಜರು ಹೋದರು, ಜಹಗೀರು ಹೋದವು, ಇನಾಮು ಹೋದವು. ನಾದಮಂಟಪದ ಕುರ್ಚಿಗಳು ಮಾತ್ರ ಹೋಗಲಿಲ್ಲ. ಅವನ್ನು ಕಳೆದುಕೊಳ್ಳಲು ಇದ್ದದ್ದು ಒಂದೇ ದಾರಿ. ಸತತ ಮೂರು ಕಚೇರಿಗಳ ಹಾಜರಿಯಲ್ಲಿ ಕುರ್ಚಿ ಖಾಲಿ ಕಂಡರೆ, ನಿಯಮ ಒಂಬತ್ತರ ಪ್ರಕಾರ, ಅದು ಕಾಯುವವರ ಪಾಲು.

ಚಕ್ರಪಾಣಿಯವರು ನವರಾತ್ರಿಗೆಂದು ಅಟ್ಟದಿಂದ ಬೊಂಬೆಯ ಪೆಟ್ಟಿಗೆ ಇಳಿಸಲು ಹೋಗಿ, ಪೆಟ್ಟಿಗೆಗಿಂತ ಮೊದಲು ತಾವೇ ಇಳಿದು, ಬಲಗಾಲಿನ ಕೀಲು ಮುರಿದುಕೊಂಡಿದ್ದರು. ಎರಡು ಕಚೇರಿ ಆಗಲೇ ತಪ್ಪಿದ್ದವು. ಮೂರನೆಯದು ಇವತ್ತು ಸಂಜೆ ಐದೂವರೆಗೆ.

"ನೀನು ಹೋಗಿ ಕೂತ್ಕೊಂಡು ಬಾ, ಕಾತ್ಯಾಯಿನಿ," ಎಂದು ಹೆಂಡತಿಯನ್ನು ಕೇಳಿದರು.

"ನಲವತ್ತು ವರ್ಷದಿಂದ ಬಾಲ್ಕನೀಲಿ ಕೂತಿದ್ದೀನಿ. ಒಂದು ದಿನ ಆ ಕುರ್ಚೀಲಿ ಕೂತ್ಕೋ ಅಂದವರಲ್ಲ. ಈಗ ಬಸ್ಸಿನ ಸೀಟಿಗೆ ಟವೆಲ್ ಹಾಕೋ ಹಾಗೆ ನನ್ನನ್ನ ಹಾಕ್ತೀರಾ?" ಎಂದು ಆಕೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸದೆ ಹೇಳಿದರು.

ಜೆ.ಪಿ. ನಗರದಲ್ಲಿದ್ದ ಮಗ ಆಶ್ರಿತ್‌ಗೆ ಫೋನು ಹೋಯಿತು. "ಅಪ್ಪಾ, ಲೈವ್ ಸ್ಟ್ರೀಮ್ ಇದೆ. ಲಿಂಕ್ ಕಳಿಸ್ತೀನಿ, ಮನೇಲೇ ನೋಡಿ."

"ಲಿಂಕನ್ನ ತಗೊಂಡೋಗಿ ಕುರ್ಚಿ ಮೇಲೆ ಕೂರಿಸೋಕಾಗುತ್ತೇನೋ?" ಎಂದು ಚಕ್ರಪಾಣಿಯವರು ಫೋನು ಇಟ್ಟರು.

ಅಡುಗೆಮನೆಯಲ್ಲಿ ಏನೋ ಟಣ್ ಎಂದಿತು. ನೀರಿನ ಫಿಲ್ಟರಿನ ಮುಚ್ಚಳ ಕೈಜಾರಿ ಬಿದ್ದ ಸದ್ದು. ಬೀಳಿಸಿದವನು ಗುರುಸಿದ್ದ.

ಹುನಗುಂದದ ಕಡೆಯ ಈ ಗುರುಸಿದ್ದ ಬಿಟಿಎಂ ಲೇಔಟಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡು ಊರವರ ಮನೆಯ ನೀರು ಶುದ್ಧ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಮೂರು ತಿಂಗಳಿಗೊಮ್ಮೆ ಬಂದು ಚಕ್ರಪಾಣಿಯವರ ಫಿಲ್ಟರು ಬಿಚ್ಚಿ, ತೊಳೆದು, ಜೋಡಿಸಿ ಹೋಗುತ್ತಿದ್ದ. ಅವನ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ: ಏನು ಕೇಳಿದರೂ ಬರುವುದಿಲ್ಲ ಎನ್ನುತ್ತಿರಲಿಲ್ಲ.

"ಗುರುಸಿದ್ದಾ, ನಿನಗೆ ಸಂಗೀತ ಬರುತ್ತೇನಯ್ಯಾ?"

"ಬರ್ತದ್ರೀ ಸರ. ಊರಾಗ ಭಜನಿ ಮ್ಯಾಳದಾಗ ಏಳು ವರ್ಸ ಇದ್ದೆ."

ಸುಳ್ಳಲ್ಲ. ಏಳು ವರ್ಷ ಅವನು ಮೇಳದ ಹಿಂದೆ ಗ್ಯಾಸ್‌ಲೈಟ್ ಹೊತ್ತು ತಿರುಗಿದ್ದ. ಮೇಳದವರು ಬಡಿಯುವ ದಮ್ಮಡಿಯನ್ನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ಬಿಸಿಲಿಗೆ ಒಣಗಲು ಇಡುವಾಗ.

"ಹಾಗಾದ್ರೆ ಬಾ ಇಲ್ಲಿ," ಎಂದು ಚಕ್ರಪಾಣಿಯವರು ದನಿ ತಗ್ಗಿಸಿದರು. "ಇವತ್ತು ಸಂಜೆ ನೀನು ನಮ್ಮ ಕುರ್ಚೀಲಿ ಕೂರಬೇಕು. ಸಭೆಯವರು ಹಾಜರಿ ಹಾಕೋಕೆ ಬರ್ತಾರೆ. ಯಾವಾಗ ಬರ್ತಾರೋ ಹೇಳೋಕಾಗಲ್ಲ. ಬಂದಾಗ ಕುರ್ಚಿ ಖಾಲಿ ಇದ್ರೆ ಐವತ್ತೆಂಟು ವರ್ಷದ ಕುರ್ಚಿ ಹೋಯ್ತು. ಯಾರು ಏನು ಹೇಳಿದ್ರೂ ಏಳಬೇಡ. ಯಾರು ನೀನು ಅಂದ್ರೆ, ಚಕ್ರಪಾಣಿ ಮನೆಯವನು ಅನ್ನು."

"ಯಾರ್ ಹೇಳಿದ್ರೂ?"

"ಯಾರು ಹೇಳಿದ್ರೂ."

ಇಷ್ಟು ಹೇಳಿದ ಚಕ್ರಪಾಣಿಯವರು ಒಂದನ್ನು ಹೇಳಲು ಮರೆತರು. ಅದನ್ನು ಮರೆವು ಎನ್ನುವುದೂ ಸರಿಯಲ್ಲ. ಅವರ ಲೋಕದಲ್ಲಿ ಅದು ಎಷ್ಟು ಸಹಜವೆಂದರೆ, ಗೊತ್ತಿಲ್ಲದ ಮನುಷ್ಯನೊಬ್ಬ ಭೂಮಿಯ ಮೇಲೆ ಇರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಕುರ್ಚಿಯ ಮೇಲೆ ಕರ್ಚೀಫು ಹಾಸಿ ಹೋದರೆ ನಾದಮಂಟಪದಲ್ಲಿ ಅದೂ ಹಾಜರಿಯೇ. ತಲೆಮಾರುಗಳಿಂದ ನಡೆದು ಬಂದದ್ದು.

ಕಂಪನಿಯ ಟೀ ಶರ್ಟಿನ ಮೇಲೆ ನೀರಿನ ಹನಿಯೊಂದು ಹಲ್ಲು ಕಿರಿಯುವ ಚಿತ್ರವಿತ್ತು. ಅದರ ಮೇಲೆ ಚಕ್ರಪಾಣಿಯವರ ಬಿಳಿ ಜುಬ್ಬಾ ಏರಿತು. "ತೋಳು ಸ್ವಲ್ಪ ಉದ್ದ. ಮಡಿಸ್ಕೋಪ್ಪಾ," ಎಂದರು ಕಾತ್ಯಾಯಿನಿಯವರು.

*

ನಾದಮಂಟಪಕ್ಕೆ ನೂರು ವರ್ಷ ದಾಟಿತ್ತು. ಗುರುಸಿದ್ದ ಅದರ ಮುಂದೆ ದಿನಕ್ಕೆ ಎರಡು ಸಲ ಬೈಕಿನಲ್ಲಿ ಹೋಗುತ್ತಿದ್ದ, ಸಾಹುಕಾರರ ಕಲ್ಯಾಣ ಮಂಟಪ ಎಂದುಕೊಂಡಿದ್ದ. ಒಳಗೆ ಕಾಲಿಟ್ಟವನು ಬಾಯಿ ತೆರೆದು ನಿಂತ. ಕನ್ನಡಿಯಂತೆ ಮಿನುಗುವ ಕೆಂಪು ನೆಲ. ಆನೆಯ ಕಾಲಿನಷ್ಟು ದಪ್ಪದ ಕಬ್ಬಿಣದ ಕಂಬಗಳು, ಅವುಗಳ ತಲೆಯ ಮೇಲೆ ಕಬ್ಬಿಣದ್ದೇ ಬಳ್ಳಿ, ಎಲೆ, ಗಿಳಿ. ಎರಡಾಳು ಉದ್ದದ ಸರಳಿಗೆ ತೂಗುಬಿದ್ದ ಫ್ಯಾನುಗಳು ಯಾರಿಗೂ ಗಾಳಿ ಕೊಡುವ ಆತುರವಿಲ್ಲದೆ ತಿರುಗುತ್ತಿದ್ದವು. ತಲೆ ಹಿಂದಕ್ಕೆ ಬಾಗಿಸಿ ಚಾವಣಿ ನೋಡಿದ; ತೇಗದ ಹಲಗೆಗಳು ತಿರುಗಿಸಿಟ್ಟ ಹಡಗಿನ ಹೊಟ್ಟೆಯಂತೆ ಕಂಡವು. ಅವನು ಹಡಗು ನೋಡಿರಲಿಲ್ಲ. ಆದರೂ ಹಾಗೇ ಅನ್ನಿಸಿತು. ಚಪ್ಪಲಿ ಬಿಡಬೇಕೇ ಎಂದು ಅನುಮಾನವಾಗಿ ಬಿಟ್ಟ. ಬಿಟ್ಟವನು ಅವನೊಬ್ಬನೇ ಎಂದು ಕಂಡು ಮತ್ತೆ ಮೆಟ್ಟಿದ.

ಗೋಡೆಯ ಸುತ್ತ ಹಾಡಿದವರ, ಬಾರಿಸಿದವರ, ಹಣ ಕೊಟ್ಟವರ ಪಟಗಳು. ಮೃದಂಗದ ಚರ್ಮ ಹದ ಮಾಡಿದವನ ಪಟವೊಂದಿಲ್ಲ. ಗೋಡೆಯಲ್ಲಿ ಜಾಗ ಸಾಲದೆ ಹೋಗಿರಬೇಕು. ಕ್ಯಾಂಟೀನಿನ ಗುತ್ತಿಗೆದಾರನ ಪಟ ಮಾತ್ರ ಕಿಟಕಿಯ ಪಕ್ಕ ಹೂವಿನ ಹಾರ ಹಾಕಿಸಿಕೊಂಡು ಕೂತಿತ್ತು.

ಸಿ ಸಾಲಿನ ಒಂದು ತುದಿ ಗೋಡೆ. ಇನ್ನೊಂದು ತುದಿ, ಓಡಾಡುವ ದಾರಿಯ ಪಕ್ಕದ್ದು, ಹದಿನಾಲ್ಕನೇ ಕುರ್ಚಿ. ಬೆತ್ತ ಹೆಣೆದ ಬೀಟೆ ಮರದ ಕುರ್ಚಿ. ಗುರುಸಿದ್ದ ಅದಕ್ಕೆ ಕೈ ಮುಗಿದು ಕೂತ.

"ಯಾರು ನೀವು?" ಎಂದರು ಹದಿಮೂರರ ಅಲಮೇಲಮ್ಮ. ವಜ್ರದ ಮೂಗುಬೊಟ್ಟು, ಮಡಿಲಲ್ಲಿ ಕಾಫಿಯ ಫ್ಲಾಸ್ಕು.

"ಚಕ್ರಪಾಣಿಯವರ ಮನಿಯಾಂವ್ರೀ ಅಮ್ಮಾ."

"ಹುಬ್ಬಳ್ಳಿ ಕಡೆ ಸಂಬಂಧ ಇತ್ತೇ ಅವರಿಗೆ?" ಎಂದು ಆಕೆ ಹನ್ನೆರಡನೇ ಕುರ್ಚಿಯವರನ್ನು ಕೇಳಿದರು. ಹನ್ನೆರಡನೇ ಕುರ್ಚಿಯವರು, "ಇರಬಹುದು. ಯಾವ ಮನೇಲಿ ಏನಿದೆಯೋ," ಎಂದು ನಿಟ್ಟುಸಿರಿಟ್ಟರು.

ಅಷ್ಟರಲ್ಲಿ ಬಾಗಿಲ ಬಳಿ ಗದ್ದಲವಾಯಿತು. ಸಭೆಯ ಕಾರ್ಯದರ್ಶಿ ರವಿಕಿರಣ್, ರೇಷ್ಮೆ ಜುಬ್ಬಾ, ಎದೆಗೆ ಬ್ಯಾಡ್ಜು, ಹಿಮ್ಮುಖವಾಗಿ ನಡೆಯುತ್ತ ನಿವೃತ್ತ ನ್ಯಾಯಮೂರ್ತಿಗಳೊಬ್ಬರನ್ನು ಕರೆತಂದರು. ಇಡೀ ಸಭೆ ಎದ್ದಿತು. ನಿವೃತ್ತ ನ್ಯಾಯಮೂರ್ತಿ ಬಂದಾಗ ಏಳದೆ ಇರುವವರು ಈ ದೇಶದಲ್ಲಿ ಎರಡೇ ಬಗೆ, ಅವರಿಗಿಂತ ದೊಡ್ಡ ನ್ಯಾಯಮೂರ್ತಿಗಳು ಮತ್ತು ಮೇಜು ಕುರ್ಚಿಗಳು. ಇವತ್ತು ಮೂರನೆಯ ಬಗೆ ಸೇರಿತು.

"ಏಳೀಪ್ಪಾ," ಎಂದು ಅಲಮೇಲಮ್ಮ ಮೊಣಕೈಯಿಂದ ತಿವಿದರು.

"ಆಗೂದಿಲ್ರೀ ಅಮ್ಮಾ."

"ಯಾಕೆ, ಕಾಲಿಗೇನಾಗಿದೆ? ಚಕ್ರಪಾಣೀದು ಕೀಲು ಮುರಿದಿದೆ ಅಂದ್ರು. ನಿಮ್ದೂ ಮುರಿದಿದೆಯಾ?"

ಗುರುಸಿದ್ದ ಇಲ್ಲ ಎನ್ನುವವನಲ್ಲವಷ್ಟೆ. "ಹೌದ್ರೀ. ಮನೆತನದಾಗ ಬಂದದ."

ಈ ಸುದ್ದಿ ಸಿ ಸಾಲಿನಿಂದ ಡಿ ಸಾಲಿಗೆ, ಅಲ್ಲಿಂದ ಕೆ ಸಾಲಿಗೆ ಹೋಗುವಷ್ಟರಲ್ಲಿ ಚಕ್ರಪಾಣಿಯವರ ವಂಶಕ್ಕೆ ಮೂಳೆಯ ಶಾಪ ತಗುಲಿದ್ದು ಖಚಿತವಾಯಿತು. ನ್ಯಾಯಮೂರ್ತಿಗಳು ಮಾತ್ರ ಎ ಸಾಲಿನಲ್ಲಿ ಕೂರುವ ಮೊದಲು ಒಮ್ಮೆ ತಿರುಗಿ ಸಿ-ಹದಿನಾಲ್ಕನ್ನು ನೋಡಿದರು. ತಮ್ಮ ಮುಂದೆ ಕೂತೇ ಇದ್ದ ಮನುಷ್ಯನನ್ನು ಅವರು ಬಹಳ ವರ್ಷಗಳಿಂದ ಕಂಡಿರಲಿಲ್ಲ.

*

ಹಾಡುವವರು ವಿದುಷಿ ಪ್ರಕೃತಿ. ವಯಸ್ಸು ಚಿಕ್ಕದು, ಹೆಸರು ದೊಡ್ಡದು. ಬಲಗಡೆ ಪಿಟೀಲು. ಎಡಗಡೆ ಮೃದಂಗಕ್ಕೆ ವಿದ್ವಾನ್ ಬಿಳೇಕಹಳ್ಳಿ ಕೆಂಪರಾಜು, ಐವತ್ತು ದಾಟಿದ, ಮುಖದಲ್ಲಿ ಯಾವ ಸುದ್ದಿಯನ್ನೂ ಇಟ್ಟುಕೊಳ್ಳದ ಮನುಷ್ಯ. ಆತ ಕಣ್ಣು ಮುಚ್ಚಿಕೊಂಡೇ ಬಾರಿಸುತ್ತಿದ್ದರು. ಭಕ್ತಿ ಎಂದು ಪತ್ರಿಕೆಯವರು ಬರೆಯುತ್ತಿದ್ದರು.

ಪ್ರಕೃತಿ ಅರ್ಧ ಗಂಟೆ ಒಂದೂ ಮಾತಿಲ್ಲದೆ ಹಾಡಿದರು. ಗುರುಸಿದ್ದ ಮೊದಲು ಮಾತಿಗಾಗಿ ಕಾದ. ಆಮೇಲೆ ಕಾಯುವುದನ್ನು ಮರೆತ. ದನಿ ಮೇಲೆ ಮೇಲೆ ಹೋಗಿ ತೇಗದ ಚಾವಣಿಯನ್ನು ಮುಟ್ಟಿ, ಅಲ್ಲಿ ಒಂದು ಗಳಿಗೆ ಕೂತು, ಮೆಲ್ಲಗೆ ಇಳಿದು ಬಂದಾಗ, ತನ್ನ ಎರಡು ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಕುರ್ಚಿಯ ಹಿಡಿಯನ್ನು ಅಮುಕಿ ಹಿಡಿದುಕೊಂಡ. ಸುತ್ತ ಎಲ್ಲರೂ ತೊಡೆ ತಟ್ಟಿ ಲೆಕ್ಕ ಹಾಕುತ್ತಿದ್ದರು. ತಪ್ಪಿದರೆ ಹಿಡಿಯಲು ಬಂದ ಇನ್‌ಸ್ಪೆಕ್ಟರುಗಳ ಹಾಗೆ.

ಒಂದೂವರೆ ಗಂಟೆ ಕಳೆದಿರಬೇಕು. ಪ್ರಕೃತಿ ಹಾಡು ನಿಲ್ಲಿಸಿ ಕೆಂಪರಾಜು ಅವರತ್ತ ಕೈ ತೋರಿಸಿ, ಬರೀ ತಾಳ ಹಾಕುತ್ತ ಕೂತರು. ಮೃದಂಗವೊಂದೇ ಮಾತಾಡತೊಡಗಿತು.

ಆ ಕ್ಷಣಕ್ಕೆ ಇಡೀ ಸಭೆ ಎದ್ದು ನಿಂತಿತು.

ಗುರುಸಿದ್ದ, ಬೆಂಕಿ ಬಿದ್ದಿರಬೇಕು ಎಂದು ಸುತ್ತ ನೋಡಿದ. ಹೊಗೆ ಇರಲಿಲ್ಲ. ಎಲ್ಲರೂ ಜೇಬಿನಿಂದ, ಚೀಲದಿಂದ, ಸೊಂಟದಿಂದ ಕರ್ಚೀಫು ತೆಗೆದು, ಮಗುವನ್ನು ಮಲಗಿಸುವ ಹಾಗೆ ಕುರ್ಚಿಯ ಮೇಲೆ ಹಾಸಿ, ಬಾಗಿಲ ಕಡೆ ನಡೆದರು.

"ಏನಾತ್ರೀ ಅಮ್ಮಾ? ಎಲ್ಲಿಗೆ ಹೊಂಟ್ರಿ ಎಲ್ಲಾರೂ?"

"ತನಿ ಶುರುವಾಯ್ತಲ್ಲಪ್ಪಾ. ಮೃದಂಗ ಒಂದೇ ಇನ್ನು, ಹಾಡಿಲ್ಲ. ಬೋಂಡಾ ಸೂಪ್ ಮಾಡಿದಾರೆ, ಲೇಟಾದ್ರೆ ಬರೀ ಸೂಪ್ ಸಿಗುತ್ತೆ," ಎಂದು ಅಲಮೇಲಮ್ಮ ಲೇಸಿನ ಕರ್ಚೀಫು ಹಾಸಿದರು. "ಏಳಿ, ದಾರಿ ಬಿಡಿ."

"ನೀವು ಹೋಗ್ರಿ. ನಾ ಏಳೂದಿಲ್ಲ."

ಆ ಸಾಲಿನ ಇನ್ನೊಂದು ತುದಿ ಗೋಡೆ. ಹದಿಮೂರು ಜನ ರಸಿಕರು ಗುರುಸಿದ್ದನ ಮೊಣಕಾಲು ದಾಟಿಯೇ ಬೋಂಡಾ ಸೇರಬೇಕಿತ್ತು. ಅಲಮೇಲಮ್ಮ ಫ್ಲಾಸ್ಕು ಎತ್ತಿ ಹಿಡಿದು, ಸೀರೆಯ ನೆರಿಗೆ ಎತ್ತಿ ಹಿಡಿದು, ಎಪ್ಪತ್ತೊಂದರ ವಯಸ್ಸಿನಲ್ಲಿ ಬೇಲಿ ಹಾರಿದರು. ಹನ್ನೊಂದನೇ ಕುರ್ಚಿಯ ವೈದ್ಯರು ದಾಟುವಾಗ ಅವನ ಕೀಲನ್ನು ಮುಟ್ಟಿ ನೋಡಿ, "ಊತ ಇಲ್ವಲ್ಲ," ಎಂದು ಅಚ್ಚರಿಪಟ್ಟರು. ಒಂಬತ್ತನೆಯವರು, "ಕಾಲಾದ್ರೂ ಮಡಿಸು ಗುರು," ಎಂದು ಬೇಡಿಕೊಂಡರು. ಗುರುಸಿದ್ದ ಕಾಲು ಮಡಿಸಿದ. ಕೂತ ಜಾಗ ಬಿಡಲಿಲ್ಲ. ಧರಣಿ ಕೂರಲು ಅರ್ಜಿ ಹಾಕಿ ಅನುಮತಿ ಪಡೆಯಬೇಕಾದ ಈ ನಗರದಲ್ಲಿ ಹೀಗೆ ಯಾರ ಅಪ್ಪಣೆಯೂ ಇಲ್ಲದೆ ಒಬ್ಬ ಕೂತೇ ಇದ್ದದ್ದು ಅಪರೂಪದ ಘಟನೆ.

ಎರಡು ನಿಮಿಷದಲ್ಲಿ ಸಭಾಂಗಣ ಖಾಲಿ. ಸಾಲು ಸಾಲು ಕರ್ಚೀಫುಗಳು. ಬಿಳಿ, ನೀಲಿ, ಚೌಕುಳಿ, ಒಂದೆರಡು ಬಾಯಿ ಒರೆಸಿಕೊಂಡವು. ವೇದಿಕೆಯ ಮೇಲೆ ಒಬ್ಬ ಮನುಷ್ಯ ಎರಡು ಕೈಗಳಿಂದ ತನ್ನ ಇಡೀ ಬದುಕನ್ನು ತೆರೆದು ಇಡುತ್ತಿದ್ದ. ಕೆಳಗೆ ಇನ್ನೂರ ತೊಂಬತ್ತೊಂಬತ್ತು ಕರ್ಚೀಫುಗಳು ಗಂಭೀರವಾಗಿ ಕೇಳುತ್ತಿದ್ದವು. ಮತ್ತು ಸಿ-ಹದಿನಾಲ್ಕರಲ್ಲಿ ಗುರುಸಿದ್ದ.

ಮೊದಲು ಅವನಿಗೆ ನಾಚಿಕೆಯಾಯಿತು, ಊಟದ ಪಂಕ್ತಿಯಲ್ಲಿ ಕೊನೆಗೆ ಒಬ್ಬನೇ ಉಳಿದವನ ಹಾಗೆ. ಆಮೇಲೆ ಆ ಸಪ್ಪಳ ಅವನ ಹತ್ತಿರ ಬಂತು.

ಎಲ್ಲೋ ಕೇಳಿದ ಸಪ್ಪಳ. ತಟ್, ತಟ್, ತರಕಿಟ ತಟ್. ಬಲಗೈ ಬೆರಳು, ಎಡ ಅಂಗೈ. ಅವನಿಗೆ ತಟ್ಟನೆ ತಿಳಿಯಿತು: ಅವ್ವ ರೊಟ್ಟಿ ಬಡಿಯುವ ಸಪ್ಪಳ. ನಸುಕಿನಲ್ಲಿ ಒಂದು ಮನೆಯಲ್ಲಿ ಶುರುವಾಗಿ, ಗೋಡೆಯಾಚೆ ದೊಡ್ಡವ್ವನ ಮನೆಯಲ್ಲಿ ಸೇರಿಕೊಂಡು, ಓಣಿ ತುಂಬ ಹಬ್ಬಿ, ಇಡೀ ಊರು ಕಲ್ಲಿನ ಮೇಲೆ ಜೋಳದ ಹಿಟ್ಟು ಬಡಿಯುವಾಗ ಕೌದಿಯೊಳಗೆ ಮಲಗಿದ ಮಗುವಿಗೆ ಕೇಳುತ್ತಿದ್ದ ಸಪ್ಪಳ. ಇಲ್ಲಿ ಆ ಓಣಿಯ ನಲವತ್ತು ಮನೆಗಳನ್ನೂ ಒಬ್ಬನೇ ಮನುಷ್ಯ ಹತ್ತು ಬೆರಳಲ್ಲಿ ಬಡಿಯುತ್ತಿದ್ದ. ಒಂದು ಮನೆ ಜೋರು, ಒಂದು ಮನೆ ಮೆಲ್ಲಗೆ, ಒಂದು ಮನೆಯಲ್ಲಿ ಮಧ್ಯೆ ನಿಲ್ಲಿಸಿ ಹಿಟ್ಟು ನಾದುತ್ತಿದ್ದಾರೆ. ಮತ್ತೆ ಎಲ್ಲವೂ ಕೂಡಿ, ಅಣೆಕಟ್ಟಿನ ಗೇಟು ಎತ್ತಿದ ಹಾಗೆ, ಒಮ್ಮೆಲೇ ಮೈಮೇಲೆ.

"ಅಬಬಬ," ಎಂದ ಗುರುಸಿದ್ದ. ಖಾಲಿ ಸಭಾಂಗಣದಲ್ಲಿ ಅದು ಕಂಬದಿಂದ ಕಂಬಕ್ಕೆ ಹೋಗಿ ಬಂತು.

ಕೆಂಪರಾಜು ಕಣ್ಣು ತೆರೆದರು. ಕರ್ಚೀಫುಗಳ ನಡುವೆ ತೋಳು ಮಡಿಸಿದ ಜುಬ್ಬಾದ ಮನುಷ್ಯನೊಬ್ಬ ಬಾಯಿ ತೆರೆದು ಕೂತಿದ್ದ. ಅವರ ಕೈ ಅರ್ಧ ಗಳಿಗೆ ಅಳುಕಿತು. ತಾಳ ಹಾಕುತ್ತಿದ್ದ ಪ್ರಕೃತಿ ಗಾಬರಿಯಿಂದ ತಿರುಗಿ ನೋಡಿದರು. ಮೃದಂಗವನ್ನು ಒಂದಿಷ್ಟು ಸಿ ಸಾಲಿನ ಕಡೆ ತಿರುಗಿಸಿಕೊಂಡು, ಕೆಂಪರಾಜು ಮತ್ತೆ ಮೊದಲಿಂದ ಎತ್ತಿಕೊಂಡರು.

*

ಹಾಜರಿ ಹಾಕಲು ಬಂದವಳು ರೇಣುಕವ್ವ. ಕಟ್ಟಡ ಗುಡಿಸುವ ಏಜೆನ್ಸಿಯ ಕೆಲಸದವಳು, ಊರು ಗದಗದ ಕಡೆ. ಹಾಜರಿ ಹಾಕುತ್ತಿದ್ದ ಹಳೆಯ ಗುಮಾಸ್ತರು ಹೋದ ತಿಂಗಳು ಕೆಲಸ ಬಿಟ್ಟದ್ದರಿಂದ ಕಾರ್ಯದರ್ಶಿಗಳು ಇವಳ ಕೈಗೆ ದಪ್ಪ ಪುಸ್ತಕವನ್ನೂ ಒಂದು ಚೀಟಿಯನ್ನೂ ಕೊಟ್ಟಿದ್ದರು. ಅವಳು ಒಂದೊಂದೇ ಕುರ್ಚಿಯ ಮುಂದೆ ನಿಂತು, ಕರ್ಚೀಫನ್ನು ನೋಡಿ, ಪುಸ್ತಕದಲ್ಲಿ ಅಡ್ಡ ಗೀಟೆಳೆದು ಕಾಟು ಹೊಡೆಯುತ್ತ ಬಂದಳು. ಗುರುಸಿದ್ದನ ಮುಂದೆ ಬಂದಾಗ ಅವಳ ಮುಖ ಅರಳಿತು.

"ಬರೋಬ್ಬರಿ ಒಂದ ಮನಿಷಾ ಸಿಕ್ಕ. ಹೆಸರೇನ್ರಿ ಯಣ್ಣಾ?"

"ಚಕ್ರಪಾಣಿಯವರ ಮನಿಯಾಂವ, ಗುರುಸಿದ್ದ."

ಅವಳು ರೈಟು ಹಾಕಿದಳು. "ಆತು, ನಿಮ್ಮ ಹಾಜರಿ ಬಿತ್ತು. ಇನ್ನ ಏಳಾಕ ಅಡ್ಡಿಯಿಲ್ಲ. ಹೋಗಿ ಏನರ ತಿನ್ರಿ."

ಕುರ್ಚಿ ಉಳಿಯಿತು. ಒಪ್ಪಿಕೊಂಡ ಕೆಲಸ ಮುಗಿಯಿತು. ಬಿಟಿಎಮ್ಮಿಗೆ ಹೋಗುವ ದಾರಿ ತೆರೆದಿತ್ತು. ಗುರುಸಿದ್ದ ವೇದಿಕೆಯಿಂದ ಕಣ್ಣು ಕೀಳದೆ ಹೇಳಿದ: "ಏಳೂದಿಲ್ಲ ತಂಗಿ. ಆಂವ ನನಗ ಏನೋ ಹೇಳಾಕತ್ತಾನ. ನಡುವ ಎದ್ದ್ರ ಹೆಂಗಾಕ್ಕತಿ? ನೀನೂ ಕೂಡು."

"ಇವು ಮಂದಿ ಕುರ್ಚಿ ಅಲ್ರೀ?"

"ಮಂದಿ ಎಲ್ಲದಾರ?"

ರೇಣುಕವ್ವ ಸುತ್ತ ನೋಡಿದಳು. ಮಂದಿ ಇರಲಿಲ್ಲ. ಉಳಿದ ಸಾಲುಗಳಿಗೆಲ್ಲ ಕಾಟು ಹೊಡೆದು ಮುಗಿಸಿ, ಎಲ್ಲಕ್ಕಿಂತ ಮುಂದಿನ ಎ ಸಾಲಿಗೆ ಬಂದು, ನಡು ಮಧ್ಯದ ಕುರ್ಚಿಯ ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಕೂತಳು. ಅದು ನ್ಯಾಯಮೂರ್ತಿಗಳ ಕುರ್ಚಿ. ಹೈಕೋರ್ಟಿನಲ್ಲಿ ಹನ್ನೆರಡು ವರ್ಷ ತೀರ್ಪು ಕೊಟ್ಟ ಕರ್ಚೀಫು ಪಕ್ಕದ ಕುರ್ಚಿಗೆ ಸರಿಯಿತು.

ಹತ್ತು ನಿಮಿಷಕ್ಕೆ ಮುಗಿಯುವ ತನಿ ಇಪ್ಪತ್ತಾಯಿತು, ಮೂವತ್ತಾಯಿತು. ಕ್ಯಾಂಟೀನಿನಲ್ಲಿ ಬೋಂಡಾ ಮುಗಿಯಿತು, ಸೂಪು ಮುಗಿಯಿತು, ಮೈಸೂರು ಪಾಕಿನ ತಳ ಕೆರೆಯಲಾಯಿತು. ಮೃದಂಗ ನಿಂತ ಮೇಲೆ ಒಳಗೆ ಹೋಗುವುದು ರೂಢಿ, ಮೃದಂಗ ನಿಲ್ಲಲಿಲ್ಲ. ರಸಿಕರು ಬಾಗಿಲಲ್ಲಿ ಗುಂಪುಗೂಡಿದರು.

ಕಾರ್ಯದರ್ಶಿ ರವಿಕಿರಣ್ ಬಗ್ಗಿಕೊಂಡು ಸಿ-ಹದಿನಾಲ್ಕಕ್ಕೆ ಬಂದರು. "ಸಾರ್, ದಯವಿಟ್ಟು ಎದ್ದುಬಿಡಿ. ನೀವು ಕೂತಿರೋವರೆಗೂ ಅವರು ನಿಲ್ಲಿಸಲ್ಲ. ಎಂಟೂವರೆಗೆ ಹಾಲ್ ಕ್ಲೋಸ್ ಮಾಡಬೇಕು."

"ಯಾರ್ ಹೇಳಿದ್ರೂ ಏಳಬ್ಯಾಡ ಅಂದಾರ್ರೀ ನಮ್ಮ ಸರ."

ರವಿಕಿರಣ್ ಅಲ್ಲೇ ಕೂತು ಚಕ್ರಪಾಣಿಯವರಿಗೆ ಫೋನು ಹಚ್ಚಿ, "ಸಾರ್, ನಿಮ್ಮವರು ಕುರ್ಚಿ ಬಿಟ್ಟು ಏಳ್ತಾ ಇಲ್ಲ," ಎಂದರು.

ಆ ಮಾತು ಕೇಳಿ ಜಯನಗರದಲ್ಲಿ ಚಕ್ರಪಾಣಿಯವರಿಗೆ ಕೈತಪ್ಪಿದ ಹೊಲ ನೆನಪಾಯಿತು. ಎಪ್ಪತ್ತನಾಲ್ಕರ ಭೂಸುಧಾರಣೆಯಲ್ಲಿ, ಮಾಗಡಿ ಕಡೆಯ ಹದಿನಾರು ಎಕರೆಯಲ್ಲಿ ಅವರ ತಂದೆ ಕೂರಿಸಿದ್ದ ಗೇಣಿದಾರನೂ ಹೀಗೇ ಏಳಲಿಲ್ಲ. ಅರ್ಜಿ ಹಾಕಿದ, ಟ್ರಿಬ್ಯೂನಲ್ಲಿನಲ್ಲಿ ಗೆದ್ದ, ಅಲ್ಲೇ ಉಳಿದ. ಈಗ ಅವನ ಮೊಮ್ಮಕ್ಕಳು ಅಲ್ಲಿ ಟೊಮೆಟೊ ಬೆಳೆಯುತ್ತಾರೆ.

"ಫೋನು ಅವನಿಗೆ ಕೊಡಿ," ಎಂದರು. "ಗುರುಸಿದ್ದಾ, ಏನಾದ್ರೂ ಬರೆದು ಸೈನ್ ಮಾಡಿಸಿಕೊಂಡ್ರಾ ನಿನ್ನ ಹತ್ತಿರ? ನಿನ್ನ ಹೆಸರು ಎಲ್ಲಾದ್ರೂ ಬರ್ಕೊಂಡ್ರಾ?"

"ಹೌದ್ರಿ, ಬರ್ಕೊಂಡಾರ. ಸರ, ಸ್ವಲ್ಪ ಸುಮ್ಮಿರ್ರಿ, ಇಲ್ಲಿ ಕೇಳ್ರಿ," ಎಂದು ಗುರುಸಿದ್ದ ಫೋನನ್ನು ವೇದಿಕೆಯ ಕಡೆ ಹಿಡಿದ.

ಐವತ್ತೆಂಟು ವರ್ಷದಿಂದ ಆ ಕುರ್ಚಿಯ ಒಡೆತನವಿದ್ದ ಮನೆಗೆ ಮೊದಲ ಸಲ ತನಿ ಆವರ್ತನ ಹೋಯಿತು, ಅದೂ ಕಾರ್ಯದರ್ಶಿಗಳ ಫೋನಿನಲ್ಲಿ. ಆ ಕಡೆಯಿಂದ ಚಕ್ರಪಾಣಿಯವರು, "ಇದು ಯಾರಯ್ಯಾ ಬಾರಿಸ್ತಿರೋದು?" ಎಂದು ಮೆಲ್ಲನೆ ಕೇಳಿದರು. ಭೂಮಿಯನ್ನು ಉಳುವವನಿಗೆ ಕೊಟ್ಟ ಕಾನೂನು ಕುರ್ಚಿಗಳ ತನಕ ಬರಲಿಲ್ಲ ಎನ್ನುವುದು ಈ ನಾಡಿನ ದೊಡ್ಡ ದುಃಖ. ಆದರೆ ಆ ಸಂಜೆ ಚಕ್ರಪಾಣಿಯವರು ಕುರ್ಚಿಯ ಮಾತನ್ನು ಮತ್ತೆ ಎತ್ತಲಿಲ್ಲ. "ಫೋನ್ ಇಡಬೇಡ. ಹಾಗೇ ಹಿಡ್ಕೊಂಡಿರು," ಎಂದರು.

ನಲವತ್ತೆರಡನೆಯ ನಿಮಿಷಕ್ಕೆ ಕೆಂಪರಾಜು ಮುಗಿಸಿದರು. ಎರಡು ಜೊತೆ ಕೈಗಳು ಚಪ್ಪಾಳೆ ತಟ್ಟಿದವು.

*

ಒಳಗೆ ನುಗ್ಗಿದವರಲ್ಲಿ ಮೊದಲು ಪುಸ್ತಕ ನೋಡಿದವರು ನ್ಯಾಯಮೂರ್ತಿಗಳು, ಯಾಕೆಂದರೆ ಅದು ಅವರ ಕುರ್ಚಿಯ ಮೇಲೆ ಕೂತವಳ ಮಡಿಲಲ್ಲಿತ್ತು. ಪುಟದ ತುಂಬ ಕಾಟು.

"ಏನಮ್ಮಾ ಇದು? ನನ್ನ ಕರ್ಚೀಫ್ ಇತ್ತಲ್ಲ ಇಲ್ಲಿ?"

"ಕರ್ಚೀಪಿತ್ರಿ. ನೀವಿರಲಿಲ್ಲ."

ಎರಡು ನಿಮಿಷದಲ್ಲಿ ಸುದ್ದಿ ಬಾಲ್ಕನಿಗೂ ಹತ್ತಿತು. ಮುನ್ನೂರರಲ್ಲಿ ಇನ್ನೂರ ತೊಂಬತ್ತೊಂಬತ್ತು ಗೈರು. ಹಿಂದಿನ ಎರಡು ಕಚೇರಿಗಳ ದಿನ ಕ್ರಿಕೆಟ್ ಇದ್ದುದರಿಂದ ನೂರ ಎಂಬತ್ತು ಜನಕ್ಕೆ ಇದು ಮೂರನೆಯ ಗೈರು. ಅಂದರೆ ನೂರ ಎಂಬತ್ತು ಕುರ್ಚಿ ಈ ಕ್ಷಣಕ್ಕೆ ಕಾಯುವವರ ಪಾಲು. ಕೆ ಸಾಲಿನ ಒಬ್ಬರು ಎದೆ ಹಿಡಿದುಕೊಂಡರು. ಅಲಮೇಲಮ್ಮ, "ನಮ್ಮ ಮಾವನವರ ಕುರ್ಚಿ ಕಣಪ್ಪಾ," ಎಂದು ಕಂಬವನ್ನು ತಬ್ಬಿದರು.

"ಹರಿದು ಹಾಕಿ, ಹೊಸದು ಬರಿ," ಎಂದರು ರವಿಕಿರಣ್. ಅವರ ಕುರ್ಚಿಗೂ ಕಾಟು ಬಿದ್ದಿತ್ತು.

"ಇದ್ದದ್ದು ಬರದೀನ್ರಿ. ಹಾಡೂಮುಂದ ಓಡ್ಯಾಡಬಾರದು, ತನಿ ನಡದಾಗ ಅಷ್ಟ ಹಾಜರಿ ಹಾಕಬೇಕು, ಅಂದ್ರ ಯಾರಿಗೂ ತೊಂದ್ರಿ ಆಗೂದಿಲ್ಲ ಅಂತ ಚೀಟಿ ಕೊಟ್ಟಾವ್ರು ನೀವ. ಸಹಿನೂ ನಿಮ್ದ ಐತಿ." ರೇಣುಕವ್ವ ಚೀಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಯಾರಿಗೂ ತೊಂದರೆ ಆಗುವುದಿಲ್ಲ ಎಂಬ ಸಾಲನ್ನು ವೇದಿಕೆಯ ಮೇಲಿದ್ದ ಕೆಂಪರಾಜು ಕೂಡ ಕೇಳಿಸಿಕೊಂಡರು.

ಎಲ್ಲರೂ ನ್ಯಾಯಮೂರ್ತಿಗಳ ಮುಖ ನೋಡಿದರು. ಅವರು ಚೀಟಿಯನ್ನು ಎರಡು ಸಲ ಓದಿದರು. "ದಾಖಲೆ ತಿದ್ದೋದು ಅಪರಾಧ," ಎಂದರು. ಸಭೆ ನರಳಿತು. "ಮರುಹಾಜರಿಗೆ ಅವಕಾಶ ಇದೆ. ಆದರೆ ಇದೇ ವಿಧಾನ ಪಾಲಿಸಬೇಕು. ಅಂದ್ರೆ, ತನಿ ನಡೀವಾಗ ಹಾಕಬೇಕು."

ಮುನ್ನೂರು ತಲೆಗಳು ವೇದಿಕೆಯತ್ತ ತಿರುಗಿದವು.

"ಕೆಂಪರಾಜು ಅವರೇ," ಎಂದು ರವಿಕಿರಣ್ ಕೈ ಮುಗಿದರು, "ಇನ್ನೊಂದು ಸಲ ತನಿ ಬಾರಿಸ್ತೀರಾ? ಹಾಲು ಎಷ್ಟು ಹೊತ್ತಾದ್ರೂ ತೆರೆದಿಡ್ತೀವಿ."

"ಬಾರಿಸಿ ಸಾರ್," ಎಂದರು ಡಿ ಸಾಲಿನವರು. "ದಯವಿಟ್ಟು ಬಾರಿಸಿ," ಎಂದಿತು ಬಾಲ್ಕನಿ. ಅಲಮೇಲಮ್ಮ ಕಂಬ ಬಿಟ್ಟು ಬಂದು ಬೇಡಿದರು: "ನಿಧಾನವಾಗೇ ಬಾರಿಸಪ್ಪಾ. ಎಲ್ಲರದೂ ರೈಟ್ ಬೀಳಲಿ."

ಕೆಂಪರಾಜು ಮೈಕನ್ನು ಹತ್ತಿರ ಎಳೆದುಕೊಂಡರು. ಮೂವತ್ತು ವರ್ಷದಲ್ಲಿ ಆ ವೇದಿಕೆಯ ಮೇಲೆ ಅವರು ಮಾತಾಡಿದ್ದು ಅದೇ ಮೊದಲು.

"ನಿಮ್ಮೆಲ್ಲರನ್ನೂ ನನಗೆ ಗೊತ್ತು. ಆದರೆ ಬೆನ್ನು ಗೊತ್ತು. ಎಫ್ ಏಳು ಎಡಕ್ಕೆ ವಾಲಿ ನಡೀತಾರೆ. ಹದಿಮೂರಮ್ಮ ಫ್ಲಾಸ್ಕ್ ಮರೆತು ಒಂದ್ಸಲ ವಾಪಸ್ ಬರ್ತಾರೆ. ಜಡ್ಜ್ ಸಾಹೇಬ್ರ ಕೋಟಿನ ಹಿಂದೆ ಒಂದು ಹೊಲಿಗೆ ಬಿಟ್ಟಿದೆ, ಮೂರು ವರ್ಷದಿಂದ. ಬೆನ್ನುಗಳನ್ನ ನೋಡ್ತಾ ಬಾರಿಸೋಕಾಗದೆ ಕಣ್ಣು ಮುಚ್ಚಿಕೊಳ್ಳೋದು ಕಲಿತೆ." ಮೈಕನ್ನು ಪಕ್ಕಕ್ಕೆ ಸರಿಸುತ್ತ ಹೇಳಿದರು, "ಕೂತ್ಕೊಳ್ಳಿ. ಬಾರಿಸ್ತೀನಿ."

ಕೂತರು. ಕೋಟಿನ ಬೆನ್ನನ್ನು ಕೈಯಿಂದ ತಡವುತ್ತ ನ್ಯಾಯಮೂರ್ತಿಗಳು ಕೂತರು. ಕುರ್ಚಿ ಕರಕರ ಎನ್ನುವುದು, ಕೆಮ್ಮುವುದು, ಪಿಸುಗುಟ್ಟುವುದು ಒಂದೊಂದಾಗಿ ನಿಂತಿತು. ಹಾಜರಿಯ ಭಯದಲ್ಲಿ ಒಬ್ಬರೂ ಅಲುಗಲಿಲ್ಲ. ಗುರುಸಿದ್ದನ ಕೈಯಲ್ಲಿ ಕಾರ್ಯದರ್ಶಿಗಳ ಫೋನು ಇನ್ನೂ ಹಾಗೇ ಇತ್ತು; ಅದರೊಳಗೆ ಜಯನಗರವೂ ಉಸಿರು ಬಿಗಿಹಿಡಿದಿತ್ತು.

ಕೆಂಪರಾಜು ಮೃದಂಗವನ್ನು ತೊಡೆಗೆ ಎಳೆದುಕೊಂಡರು. ಕಣ್ಣು ಮುಚ್ಚಲಿಲ್ಲ. ಎ ಸಾಲಿನಿಂದ ಬಾಲ್ಕನಿಯ ಕೊನೆಯವರೆಗೆ ನಿಧಾನವಾಗಿ ನೋಡುತ್ತ ಹೋದರು. ಬಲಗೈ ಮೇಲೆತ್ತಿದರು. ಕೈ ಅಲ್ಲೇ ನಿಂತಿತು.

"ಯಾಕೆ, ಬಾರಿಸ್ತಾ ಇಲ್ವಲ್ಲ?" ಎಂದರು ಅಲಮೇಲಮ್ಮ, ಗಂಟಲಲ್ಲೇ.

"ಇಷ್ಟು ಮಂದಿ ಮಕಾ ಒಮ್ಮೆಲೆ ನೋಡ್ಯಾರ್ರೀ ಅಮ್ಮಾ," ಎಂದ ಗುರುಸಿದ್ದ. "ಕೈಗೆ ಅಂಜಿಕಿ ಬಂದದ. ಸ್ವಲ್ಪ ತಡೀರಿ."

ಆಕೆ ತಡೆದರು. ಎಲ್ಲರೂ ತಡೆದರು. ಸಾಲಿನ ತುದಿಯಲ್ಲಿ ರೇಣುಕವ್ವ ಪೆನ್ನು ಎತ್ತಿ ಹಿಡಿದು, ಮೊದಲ ರೈಟು ಹಾಕುವುದನ್ನು ಮರೆತು, ವೇದಿಕೆಯನ್ನೇ ನೋಡುತ್ತ ನಿಂತಿದ್ದಳು. ಚಾವಣಿಯ ಫ್ಯಾನೊಂದು ಪೂರ್ತಿ ಒಂದು ಸುತ್ತು ತಿರುಗಿತು.

ಆಮೇಲೆ ಕೈ ಇಳಿಯಿತು.